ಚಕ್ರ ಎತ್ತಿ ನೋಡಿ, ಆಮೇಲೆ ಡ್ರೈವರನ್ನು ಬೈಯಿರಿ

ಗಾಡಿ ರಸ್ತೆ ಬಿಟ್ಟು ಹೊಲಕ್ಕೆ ಇಳಿದರೆ ಜನ ಕೇಳುವ ಮೊದಲನೆಯ ಪ್ರಶ್ನೆ "ಡ್ರೈವರು ಯಾರು?" ಎಂಬುದು. ಎರಡನೆಯದು "ಕುಡಿದಿದ್ದನೇ?" ಎಂಬುದು. ಗಾಡಿ ಹೇಗಿತ್ತು ಎಂದು ಮೂರನೆಯದಾಗಿಯೂ ಯಾರೂ ಕೇಳುವುದಿಲ್ಲ. ಗಿರಣಿಯ ಬಂಧುಗಳಿಗೆ ಇದು ಹೊಸ ಮಾತಲ್ಲ. ನೂಲು ಹರಿದರೆ ಸ್ಪಿಂಡಲ್ಲು ಸವೆದಿದೆಯೇ ಎಂದು ನೋಡುವ ಮುಂಚೆ ಆಳಿನ ಕೈಯನ್ನು ನೋಡುತ್ತಾರೆ. ನಮ್ಮ ಹೊಟೇಲುಗಳಲ್ಲಿಯೂ ಅಷ್ಟೇ. ಹಿಟ್ಟು ನುಣ್ಣಗಾಗದಿದ್ದರೆ ಬೈಗುಳು ರುಬ್ಬುವ ಹುಡುಗನಿಗೆ. ಗ್ರೈಂಡರಿನ ಕಲ್ಲು ಸವೆದು ವರುಷವಾದದ್ದು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರಿಗೆ ಕಾಣುವುದಿಲ್ಲ.

ಈ ಮಾತು ಈಗ ಎತ್ತಲು ಕಾರಣವಿದೆ. ಗುಜರಾತಿನಲ್ಲಿ ಹಳೆಯ ಮೋಟಾರುಗಳ ಷೋಕಿ ಹೊಸದಲ್ಲ. ಅಹಮದಾಬಾದಿನ ಹೊರಗೆ ಕಠವಾಡಾದಲ್ಲಿ ಅಂಥ ಗಾಡಿಗಳ ಒಂದು ದೊಡ್ಡ ಸಂಗ್ರಹವೇ ಇದೆ. ೨೦೨೩ರ ಜನವರಿಯಲ್ಲಿ ಬರೋಡಾದ ಲಕ್ಷ್ಮೀವಿಲಾಸ ಅರಮನೆಯ ಅಂಗಳದಲ್ಲಿ ದೇಶದ ನಾನಾ ಕಡೆಯ ಹಳೆಯ ಕಾರುಗಳು ಬಂದು ಸಾಲಾಗಿ ನಿಂತವು. ನೋಡಲು ಚೆಂದ, ನಾನು ಅಲ್ಲವೆನ್ನುವುದಿಲ್ಲ. ಆದರೆ ಇಂಥ ಗಾಡಿಗಳನ್ನು ಒರೆಸುವವರು, ನೂಕುವವರು, ಗ್ಯಾರೇಜಿಗೆ ಒಯ್ದು ತರುವವರು ಧಣಿಗಳಲ್ಲ. ಹೊಟೇಲಿನ ಟೇಬಲ್ಲು ಬಿಟ್ಟು ಲೈಸೆನ್ಸು ಮಾಡಿಸಿಕೊಂಡ ನಮ್ಮ ಹುಡುಗರು. ಗೋರ್ವಾದ ಶೆಡ್ಡುಗಳಲ್ಲಿ ಗಾಡಿಯಡಿ ಮಲಗುವವರಲ್ಲಿಯೂ ನಮ್ಮವರಿದ್ದಾರೆ.

"ಸಾಹುಕಾರರ ಸ್ಪೋರ್ಟ್ಸ್ ಕಾರಿಗೂ ನಮ್ಮ ಸಂಘಕ್ಕೂ ಏನು ನಂಟು?" ಎಂದು ಒಬ್ಬ ಹಿರಿಯರು ಕೇಳಿದರು. ನಂಟು ಇದು. ಕುಂದಾಪುರದ ಕಡೆಯ ಒಬ್ಬ ಹುಡುಗ ಒಬ್ಬರ ಮನೆಯಲ್ಲಿ ಡ್ರೈವರಾಗಿದ್ದ. ಅವರ ಎರಡು ಸೀಟಿನ ಟ್ರಯಂಫ್ ಸ್ಪಿಟ್‌ಫೈರ್ ಗಾಡಿ ನೇರ ರಸ್ತೆಯಲ್ಲಿಯೂ ಅತ್ತಿತ್ತ ಅಲೆಯುತ್ತಿತ್ತು. ಆತ ಹೇಳಿದ, ನಾಲ್ಕು ತಿಂಗಳಲ್ಲಿ ಮೂರು ಸಲ ಅಲೈನ್‌ಮೆಂಟ್ ಮಾಡಿಸಿದರು. ಒಂದು ದಿನ ಮಳೆಯಲ್ಲಿ ಗಾಡಿ ತಿರುವಿನಲ್ಲಿ ಹೊರಳಿ ಚರಂಡಿಗೆ ಇಳಿಯಿತು. ಹುಡುಗನಿಗೆ ಹಣೆಯಲ್ಲಿ ಆರು ಹೊಲಿಗೆ, ಎರಡು ತಿಂಗಳ ಸಂಬಳ ಮುರುಗಡೆ, ಕೆಲಸವೂ ಹೋಯಿತು.

ಗಾಡಿಯನ್ನು ಗೋರ್ವಾದ ಒಬ್ಬ ವಯಸ್ಸಾದ ಗುಜರಾತಿ ಮಿಸ್ತ್ರಿಯ ಮುಂದೆ ನಿಲ್ಲಿಸಿದೆವು. ಆತ ಯಂತ್ರಕ್ಕೆ ಹಾಕಲಿಲ್ಲ. ಚಕ್ರಗಳನ್ನು ನೆಲದ ಮೇಲೆಯೇ ಬಿಟ್ಟು, ಒಬ್ಬನನ್ನು ಸ್ಟಿಯರಿಂಗಿನ ಮುಂದೆ ಕೂರಿಸಿ, ನಾಲ್ಕು ಬೆರಳಿನಷ್ಟು ಎಡಕ್ಕೆ ಬಲಕ್ಕೆ ಆಡಿಸಲು ಹೇಳಿ, ತಾನು ಟಾರ್ಚು ಹಿಡಿದು ಕೆಳಗೆ ನೋಡಿದ. "ನೋಡು ಭಾಯಿ, ಚಕ್ರ ತಿರುಗುವುದಕ್ಕೆ ಮುಂಚೆ ರ‍್ಯಾಕೇ ಸರಿಯುತ್ತದೆ" ಎಂದ. ಆ ಗಾಡಿಯಲ್ಲಿ ಸ್ಟಿಯರಿಂಗ್ ರ‍್ಯಾಕನ್ನು ಚೌಕಟ್ಟಿಗೆ ಬಿಗಿದಿರುವುದು ರಬ್ಬರಿನ ಮೇಲೆ. ಎಂಜಿನ್ನಿನ ಎಣ್ಣೆ ಸೋರಿ ಸೋರಿ ರಬ್ಬರು ನೆಂದ ಅವಲಕ್ಕಿಯಂತೆ ಉಬ್ಬಿ ಮೆತ್ತಗಾಗಿತ್ತು. ರ‍್ಯಾಕೇ ತೇಲುತ್ತಿರುವಾಗ ಮೂರು ಸಲವಲ್ಲ, ಮೂವತ್ತು ಸಲ ಅಲೈನ್‌ಮೆಂಟ್ ಮಾಡಿಸಿದರೂ ಅದು ಸಂಜೆಯ ತನಕ ನಿಲ್ಲುವುದಿಲ್ಲ. ಧಣಿಗಳಿಗೆ ಇದನ್ನು ತೋರಿಸಿದ ಮೇಲೆ ಮುರಿದ ಸಂಬಳ ಬಂತು. ಕೆಲಸ ಬರಲಿಲ್ಲ.

ಆದ್ದರಿಂದ ಡ್ರೈವರು ಕೆಲಸದವರೆಲ್ಲ ಈ ಪರೀಕ್ಷೆಯನ್ನು ತಾವೇ ಕಲಿಯಬೇಕೆಂಬುದು ನನ್ನ ಅಭಿಪ್ರಾಯ. ಇದಕ್ಕೆ ಕಾಲೇಜು ಬೇಡ. ಗಾಡಿ ಯಾವಾಗ ತಪ್ಪುತ್ತದೆ ಎಂಬುದನ್ನು ಮೊದಲು ಗಮನಿಸಿರಿ. ನೇರ ರಸ್ತೆಯಲ್ಲಿ ಅಲೆದರೆ ಟೈರು, ಸ್ಟಿಯರಿಂಗ್ ಕೀಲುಗಳ ಮೇಲೆ ಅನುಮಾನ. ಬ್ರೇಕು ಒತ್ತಿದಾಗ ಮಾತ್ರ ಒಂದು ಬದಿಗೆ ಎಳೆದರೆ ಬ್ರೇಕು ಅಥವಾ ಕೆಳತೋಳಿನ ಬುಶ್ಶು. ಆಕ್ಸಿಲರೇಟರು ಬಿಟ್ಟಾಗ, ಒತ್ತಿದಾಗ ಹಿಂಭಾಗ ತಾನಾಗಿ ತಿರುಗಿದಂತಾದರೆ ಹಿಂದಿನ ಆಕ್ಸಲನ್ನು ಹಿಡಿದ ತೋಳುಗಳ ಬುಶ್ಶು. ಗುಂಡಿ ದಾಟಿದ ಮೇಲೂ ತೊಟ್ಟಿಲಿನಂತೆ ತೂಗಿದರೆ ಶಾಕ್ ಅಬ್ಸಾರ್ಬರು.

ಕೈ ಹಾಕುವುದು ಟೈರಿನಿಂದಲೇ ಆಗಬೇಕು. ಷೋಕಿಯ ಗಾಡಿ ವರುಷಕ್ಕೆ ನಾಲ್ಕು ಸಲ ಹೊರಗೆ ಬರುತ್ತದೆ. ಟೈರಿನ ಹಲ್ಲು ಹೊಸದರಂತೆಯೇ ಇರುತ್ತದೆ, ರಬ್ಬರು ಮಾತ್ರ ಕಲ್ಲಾಗಿರುತ್ತದೆ. ಈಗಿನ ಟೈರಿನ ಬದಿಯಲ್ಲಿ ನಾಲ್ಕು ಅಂಕೆಗಳಿರುತ್ತವೆ. ಮೊದಲೆರಡು ವಾರ, ಕಡೆಯೆರಡು ವರುಷ. ಮುಂದೆ ರೇಡಿಯಲ್, ಹಿಂದೆ ಹಳೆಯ ಅಡ್ಡಹೆಣಿಗೆಯ ಟೈರು ಹಾಕಿದ ಗಾಡಿಯನ್ನು ಮುಟ್ಟಲೇಬೇಡಿರಿ, ಹಿಂಭಾಗ ಮೊದಲು ಜಾರುತ್ತದೆ. ಗಾಳಿಯ ಲೆಕ್ಕವೂ ಬೇರೆ. ಸ್ಪಿಟ್‌ಫೈರಿಗೆ ಮುಂದಿನ ಚಕ್ರಕ್ಕೆ ಹಿಂದಿನದಕ್ಕಿಂತ ಕಡಿಮೆ ಗಾಳಿ ಇರಬೇಕು. ಪೆಟ್ರೋಲು ಬಂಕಿನ ಹುಡುಗ ಕೇಳದೆ ನಾಲ್ಕಕ್ಕೂ ಮೂವತ್ತು ಮೂವತ್ತು ತುಂಬುತ್ತಾನೆ.

ಆಮೇಲೆ ಜಾಕು. ಎತ್ತಿದ ಗಾಡಿಯ ಕೆಳಗೆ ಗಟ್ಟಿ ಸ್ಟ್ಯಾಂಡು ಕೊಡದೆ, ಬರೇ ಜಾಕಿನ ಮೇಲೆ ಅಥವಾ ಇಟ್ಟಿಗೆಯ ಮೇಲೆ ನಂಬಿ ಒಳಗೆ ತೂರಬಾರದು. ಮಿಸ್ತ್ರಿ ಎಷ್ಟೇ ಗಡಿಬಿಡಿ ಮಾಡಲಿ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿರಿ. ಆಟ ಕಂಡರೆ ಇನ್ನೊಬ್ಬನಿಂದ ಬ್ರೇಕು ಒತ್ತಿಸಿರಿ. ಆಟ ನಿಂತರೆ ಬೇರಿಂಗು, ನಿಲ್ಲದಿದ್ದರೆ ಕೀಲು. ಎಡಬಲ ಹಿಡಿದು ಅಲುಗಿಸಿದಾಗ ಆಟವಿದ್ದರೆ ಟೈ ರಾಡಿನ ತುದಿ ಅಥವಾ ರ‍್ಯಾಕು. ಈ ಗಾಡಿಯ ಬೇರಿಂಗಿಗೆ ಕೂದಲೆಳೆಯಷ್ಟು ಆಟ ಇರಲೇಬೇಕು. ಅದನ್ನೂ ತೆಗೆಯುತ್ತೇನೆಂದು ಬಿಗಿದರೆ ಬೇರಿಂಗು ಸುಡುತ್ತದೆ.

ಇನ್ನೊಂದು ಕೀಲಿನ ಮಾತು ವಿವರವಾಗಿ ಹೇಳಬೇಕು, ಏಕೆಂದರೆ ಇದರಲ್ಲಿ ಪ್ರಾಣ ಹೋಗುವ ಸಂಗತಿಯಿದೆ. ೧೯೬೧ರಿಂದ ಮದರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಗಾಡಿಯನ್ನು ನಮ್ಮ ತಂದೆಯ ಕಾಲದವರೆಲ್ಲ ಕಂಡಿದ್ದಾರೆ. ಸ್ಪಿಟ್‌ಫೈರ್ ಅದರದೇ ಒಡಹುಟ್ಟು. ಇವೆರಡರಲ್ಲಿಯೂ ಮುಂದಿನ ಚಕ್ರವನ್ನು ಹೊತ್ತ ಉಕ್ಕಿನ ಕಂಬದ ಕೆಳತುದಿ ಹಿತ್ತಾಳೆಯಂಥ ಹಳದಿ ಲೋಹದ ಒಂದು ಬುಡದೊಳಗೆ ತಿರುಪಿನಂತೆ ಕೂತಿರುತ್ತದೆ. ಅದಕ್ಕೆ ಟ್ರನಿಯನ್ ಎಂದು ಹೆಸರು. ಕಂಪನಿಯ ಪುಸ್ತಕ ಅದಕ್ಕೆ ಗೇರಿನ ದಪ್ಪ ಎಣ್ಣೆ ಹಾಕೆನ್ನುತ್ತದೆ. ನಮ್ಮ ಗ್ಯಾರೇಜುಗಳಲ್ಲಿ ಗ್ರೀಸು ಹೊಡೆಯುತ್ತಾರೆ. ಗ್ರೀಸು ತಿರುಪಿನ ತಳಕ್ಕೆ ಇಳಿಯದೆ ಗಟ್ಟಿಯಾಗಿ ಕೂತುಬಿಡುತ್ತದೆ. ಒಳಗೆ ನೀರು ಸೇರಿ ಉಕ್ಕು ತುಕ್ಕು ಹಿಡಿಯುತ್ತದೆ. ಒಂದು ದಿನ ಕಂಬ ಮುರಿದು ಚಕ್ರ ಗಾಡಿಯಡಿಗೆ ಮಡಚಿಕೊಳ್ಳುತ್ತದೆ. ಸ್ಟಿಯರಿಂಗು ಎಂದಿಗಿಂತ ಬಿಗಿಯಾಗಿದೆ ಎಂದು ಡ್ರೈವರು ಹೇಳಿದರೆ ಅದನ್ನು ಸೋಮಾರಿಯ ದೂರೆಂದು ತಳ್ಳಿಹಾಕಬಾರದು.

ಬುಶ್ಶುಗಳ ವಿಷಯದಲ್ಲಿ ಮಿಸ್ತ್ರಿಗಳಿಗೂ ಒಂದು ಮಾತು. ರಬ್ಬರಿನ ಬುಶ್ಶು ಹಾಕಿದ ಮೇಲೆ ಬೋಲ್ಟನ್ನು ಗಾಡಿ ಜಾಕಿನ ಮೇಲಿರುವಾಗಲೇ ಪೂರ್ತಿ ಬಿಗಿಯಬೇಡಿ. ಕೆಳಗಿಳಿಸಿ, ಚಕ್ರದ ಮೇಲೆ ಭಾರ ಬಂದ ಮೇಲೆ ಬಿಗಿಯಿರಿ. ಇಲ್ಲವಾದರೆ ಬುಶ್ಶು ತಿರುಚಿಕೊಂಡೇ ದುಡಿದು ಬೇಗ ಹರಿಯುತ್ತದೆ, ಧಣಿ ಬಂದು ಮತ್ತೆ ಡ್ರೈವರನ್ನೇ ಹಿಡಿಯುತ್ತಾನೆ. ಅಲೈನ್‌ಮೆಂಟ್ ಇದೆಲ್ಲ ಮುಗಿದ ಮೇಲಿನ ಕೆಲಸ.

ಎಲ್ಲ ದೋಷವೂ ಸವೆತದ್ದೆಂದು ನಾನು ಹೇಳುವುದಿಲ್ಲ. ಹಳೆಯ ಸ್ಪಿಟ್‌ಫೈರಿನಲ್ಲಿ ತಿರುವಿನ ನಡುವೆ ಥಟ್ಟನೆ ಆಕ್ಸಿಲರೇಟರು ಬಿಟ್ಟರೆ ಹಿಂದಿನ ಚಕ್ರ ಒಳಕ್ಕೆ ಮಡಚಿಕೊಳ್ಳುವುದು ಅದರ ಹುಟ್ಟುಗುಣ. ೧೯೭೦ರ ಮಾರ್ಕ್ ೪ರಲ್ಲಿ ಹಿಂದಿನ ಸ್ಪ್ರಿಂಗನ್ನು ಬದಲಿಸಿ ಅದನ್ನು ತಗ್ಗಿಸಿದರು. ಎಂ.ಜಿ. ಕಂಪನಿಯ ಟಿ.ಸಿ. ಗಾಡಿಯಲ್ಲಿ ಮುಂದೆಯೂ ಲಾರಿಯಂತೆ ಒಂದೇ ಆಕ್ಸಲು, ಪಟ್ಟಿ ಸ್ಪ್ರಿಂಗು. ಸ್ಟಿಯರಿಂಗ್ ಪೆಟ್ಟಿಗೆಯಲ್ಲಿ ಸ್ವಲ್ಪ ಆಟ ಇದ್ದದ್ದೇ. ಹೊಸ ಗಾಡಿ ಓಡಿಸಿದ ಕೈಗೆ ಇದನ್ನು ಕೊಡುವವರು ಮೊದಲೇ ಹೇಳಿ, ಖಾಲಿ ರಸ್ತೆಯಲ್ಲಿ ಒಂದು ದಿನ ಕಲಿಸಬೇಕು. ಬೀಗದ ಕೈ ಎಸೆದು "ಸಂಜೆಯೊಳಗೆ ಅಹಮದಾಬಾದಿಗೆ ಮುಟ್ಟಿಸು" ಎಂದರೆ ಆಗದು.

ಕಾಯಿದೆಯೂ ನಮ್ಮ ಪರವಾಗಿದೆ, ನಮ್ಮ ಮೇಲೂ ಇದೆ. ೧೯೮೮ರ ಮೋಟಾರು ವಾಹನ ಕಾಯಿದೆಯ ೧೯೦ನೆಯ ಕಲಮಿನ ಪ್ರಕಾರ, ಸಾಮಾನ್ಯ ಎಚ್ಚರದಿಂದ ಕಂಡುಹಿಡಿಯಬಹುದಾದ ಅಪಾಯದ ದೋಷವಿರುವ ಗಾಡಿಯನ್ನು ಓಡಿಸುವವನಷ್ಟೇ ಅಲ್ಲ, ಓಡಿಸಲು ಹಚ್ಚುವವನೂ ಬಿಡುವವನೂ ತಪ್ಪಿತಸ್ಥ. ೨೦೨೧ರ ನಿಯಮದಂತೆ ಐವತ್ತು ವರುಷ ದಾಟಿದ ಗಾಡಿಗೆ ವಿಂಟೇಜ್ ನೋಂದಣಿ ಮಾಡಿಸಲು ಇಪ್ಪತ್ತು ಸಾವಿರ ರೂಪಾಯಿ ಶುಲ್ಕ. ಅದನ್ನು ಕಟ್ಟಬಲ್ಲವರಿಗೆ ನಾಲ್ಕು ಬುಶ್ಶು, ಎರಡು ರಬ್ಬರು, ಒಂದು ಡಬ್ಬಿ ಎಣ್ಣೆ ಭಾರವೆಂದರೆ ನಾವು ನಂಬುವುದಿಲ್ಲ.

ನಾನು ಸಂಘದ ಮುಂದಿಡುವ ಬೇಡಿಕೆ ಚಿಕ್ಕದು. ಹಳೆಯ ಗಾಡಿ ಹೊರಡುವ ಮುಂಚೆ ಒಂದು ಚೀಟಿ ಆಗಬೇಕು: ಟೈರಿನ ವರುಷ, ಗಾಳಿ, ನಾಲ್ಕು ಚಕ್ರದ ಆಟ, ಸ್ಟಿಯರಿಂಗಿನ ಆಟ, ಬ್ರೇಕು, ಡ್ರೈವರು ಹೇಳಿದ ದೂರು. ಕೆಳಗೆ ಮಿಸ್ತ್ರಿಯ ರುಜು, ಧಣಿಯ ರುಜು, ತಾರೀಖು. ಒಂದು ಪ್ರತಿ ಡ್ರೈವರನ ಜೇಬಿನಲ್ಲಿ, ಒಂದು ನಮ್ಮ ಕಚೇರಿಯ ಫೈಲಿನಲ್ಲಿ ಇರಲಿ. ರುಜು ಹಾಕಲು ಒಪ್ಪದ ಗಾಡಿಯ ಬೀಗದ ಕೈಯನ್ನು ನಮ್ಮ ಹುಡುಗರು ಮುಟ್ಟಬಾರದು.