ಹಳೆಯದೆಲ್ಲ ಹೊನ್ನಲ್ಲ
ಒಳ್ಳೆಯ ಪಿಟೀಲಿಗೆ ವಯಸ್ಸಾದಷ್ಟೂ ಬೆಲೆ. ಕ್ಲಾರಿನೆಟ್‌ಗೆ ಆ ಭಾಗ್ಯವಿಲ್ಲ. ವರ್ಷಗಟ್ಟಲೆ ಉಸಿರಿನ ತೇವ ಹೀರಿ ಒಣಗುವ ಮರ ಬಿರುಕು ಬಿಡಬಹುದು, ಒಳಗಿನ ಕೊಳವೆಯ ಅಳತೆಯೂ ಬದಲಾಗಬಹುದು. ಆದರೂ ‘ವಿಂಟೇಜ್’ ಎಂಬ ಒಂದೇ ಪದಕ್ಕೆ ಮಾರುಹೋಗಿ ದುಡ್ಡು ಸುರಿಯುವವರಿದ್ದಾರೆ.

1950ರ ದಶಕದಲ್ಲಿ ಬಂದ ಫ್ರಾನ್ಸಿನ ಬಫೆ ಆರ್-13 ಇಂದಿಗೂ ವೃತ್ತಿಪರರ ನೆಚ್ಚಿನ ಮಾದರಿ, ನಿಜ. ಆದರೆ ಹೆಸರು ನೋಡಿ ಕೊಳ್ಳಬೇಡಿ, ಬಲ್ಲವರಿಂದ ನುಡಿಸಿ ನೋಡಿ. ಸವೆದ ಪ್ಯಾಡ್ ಬದಲಿಸಬಹುದು. ‘ಎಚ್‌ಪಿ’ ಗುರುತಿನ ಹಳೆಯ ಹೈ ಪಿಚ್ ವಾದ್ಯವನ್ನು ಇಂದಿನ 440 ಹರ್ಟ್ಸ್ ಶ್ರುತಿಗೆ ಸರಿಯಾಗಿ ಇಳಿಸಲಾಗದು.

ಮಾರುವವರಿಗೂ ಒಂದು ಮಾತು. ಬಿರುಕಿದ್ದರೆ ಮೊದಲೇ ಹೇಳಿ, ಅದಕ್ಕೆ ತಕ್ಕಂತೆ ಬೆಲೆ ಇಳಿಸಿ. ಕೊಳ್ಳುವವನು ಸಾಲ ಮಾಡಿ ಬಂದ ವಿದ್ಯಾರ್ಥಿಯಾಗಿರಬಹುದು. ಮುಚ್ಚಿಟ್ಟ ಬಿರುಕು ಅವನ ಕಲಿಕೆಯನ್ನೇ ನಿಲ್ಲಿಸೀತು.