ಕಡೆಯ ಸುತ್ತಿನಲ್ಲಿ ಅಡಗಿರುವ ತಲಾಂತು

ಹಾಕಿಯೆಂದೊಡನೆ ನಮ್ಮ ನಾಡಿನವರಿಗೆ ಕೊಡಗಿನ ಬಯಲುಗಳೂ ಅಲ್ಲಿಯ ಮನೆತನಗಳ ಪಂದ್ಯಗಳೂ ನೆನಪಿಗೆ ಬರುವವು. ನಾನು ಇಲ್ಲಿ ಹೇಳಹೊರಟಿರುವದು ಆ ಹಾಕಿಯನ್ನು ಕುರಿತಲ್ಲ. ಕೆನಡಾ, ಅಮೇರಿಕಾ ಮೊದಲಾದ ದೇಶಗಳಲ್ಲಿ ಹೆಪ್ಪುಗಟ್ಟಿದ ನೀರಿನ ಮೇಲೆ, ಉಕ್ಕಿನ ಅಲಗುಳ್ಳ ಪಾದರಕ್ಷೆಗಳನ್ನು ಕಟ್ಟಿಕೊಂಡು, ಚೆಂಡಿಗೆ ಬದಲಾಗಿ ರಬ್ಬರಿನ ಬಿಲ್ಲೆಯನ್ನು ಹೊಡೆದು ಆಡುವ ಮಂಜಿನ ಹಾಕಿಯೊಂದುಂಟು. ಆ ಆಟದವರು ತರುಣರನ್ನು ಆಯ್ದುಕೊಳ್ಳುವ ಕ್ರಮದಲ್ಲಿ, ಹೆಣ್ಣುಮಕ್ಕಳನ್ನು ಓದಿಸುವ ನಮಗೆಲ್ಲರಿಗೂ ಉಪಯುಕ್ತವಾದ ಪಾಠವೊಂದಿದೆಯೆಂದು ನನ್ನ ಅಭಿಪ್ರಾಯ. ಹಳೆಯ ವಿದ್ಯಾರ್ಥಿನಿಯರೂ ತಂದೆತಾಯಿಗಳೂ ಸಾವಧಾನದಿಂದ ಓದಬೇಕೆಂದು ಬೇಡುತ್ತೇನೆ.

ನ್ಯಾಷನಲ್ ಹಾಕಿ ಲೀಗ್ ಎಂಬದು ಈ ಆಟದ ಅತ್ಯುನ್ನತ ಸಂಸ್ಥೆ. ಅದಕ್ಕೆ ಸೇರಿದ 32 ತಂಡಗಳು ಪ್ರತಿವರುಷವೂ ಒಂದೆಡೆಯ ಲೆಕ್ಕಕ್ಕೆ ಕಟ್ಟುಬಿದ್ದು, ಹದಿನೆಂಟರ ಆಸುಪಾಸಿನ ತರುಣರನ್ನು ಸರದಿಯ ಮೇಲೆ ಹೆಸರಿಸಿ ತಮ್ಮವರನ್ನಾಗಿ ಮಾಡಿಕೊಳ್ಳುವವು. ಇದಕ್ಕೆ ಡ್ರಾಫ್ಟ್ ಎಂದು ಹೆಸರು. ಹಿಂದಿನ ವರುಷ ಸೋತು ಹಿಂದುಳಿದ ತಂಡಗಳಿಗೆ ಮೊದಲ ಸರದಿಗಳು ದೊರಕುವವು. 1963ರಲ್ಲಿ ಮಾಂಟ್ರಿಯಲ್ ನಗರದಲ್ಲಿ ಈ ಪದ್ಧತಿ ಪ್ರಾರಂಭವಾದಾಗ ಆಯ್ಕೆಯಾದವರು 21 ಮಂದಿ ಮಾತ್ರ. ಈಗ ಏಳು ಸುತ್ತುಗಳಲ್ಲಿ ಸುಮಾರು 224 ಹೆಸರುಗಳನ್ನು ಕರೆಯುತ್ತಾರೆ. ಮೊದಲನೆಯ ಸುತ್ತಿನವರ ಚಿತ್ರಗಳು ಪತ್ರಿಕೆಗಳಲ್ಲಿ ಬರುವವು; ಏಳನೆಯ ಸುತ್ತಿನವರ ಹೆಸರುಗಳನ್ನು ಓದುವ ವೇಳೆಗೆ ಜನರು ಎದ್ದು ಹೋಗಿರುವರು. ಹಿಂದೆ ಕಡೆಯ ಸುತ್ತುಗಳನ್ನು ಎಷ್ಟು ಹಗುರವಾಗಿ ಕಾಣುತ್ತಿದ್ದರೆಂಬದಕ್ಕೆ 1974ರ ಒಂದು ವಿನೋದವೇ ಸಾಕ್ಷಿ. ಆ ವರುಷ ಬಫೆಲೋ ತಂಡದ ಮುಖ್ಯಾಧಿಕಾರಿಯಾಗಿದ್ದ ಪಂಚ್ ಇಮ್ಲಾಕ್ ಎಂಬಾತನು ಹನ್ನೊಂದನೆಯ ಸುತ್ತಿನಲ್ಲಿ ಬೇಸತ್ತು, ಲೋಕದಲ್ಲಿಯೇ ಇಲ್ಲದ ಒಬ್ಬ ಜಪಾನೀ ಆಟಗಾರನ ಹೆಸರನ್ನು ಕಲ್ಪಿಸಿ ಬರೆಯಿಸಿದನು!

ಇಂಥ ಕಡೆಯ ಸುತ್ತುಗಳಲ್ಲಿ ನಿಜವಾದ ತಲಾಂತು ದೊರಕುವ ಸಂಭವವೆಷ್ಟು? ಮೊದಲು ಸತ್ಯವನ್ನೇ ಹೇಳತಕ್ಕದ್ದು. ಮೊದಲನೆಯ ಸುತ್ತಿನಲ್ಲಿ ಆಯ್ಕೆಯಾದವರಲ್ಲಿ ಬಹುಪಾಲಿನವರು ಆ ಉನ್ನತ ಪಂಕ್ತಿಯಲ್ಲಿ ಆಡುವರು. ಎರಡನೆಯ, ಮೂರನೆಯ ಸುತ್ತುಗಳಿಗೆ ಬರುವಷ್ಟರಲ್ಲಿ ಸಂಭವವು ಬೇಗಬೇಗನೆ ಇಳಿಯುವದು. ನಾಲ್ಕನೆಯ ಸುತ್ತಿನ ತರುವಾಯ ಹತ್ತು ಮಂದಿಯಲ್ಲಿ ಒಬ್ಬನ ಆಸುಪಾಸಿನಲ್ಲಿ ಮಾತ್ರ ಬಹುಕಾಲ ನಿಲ್ಲುವನು. ಆದಕಾರಣ ಪರೀಕ್ಷಕರಿಗೆ ಏನೂ ತಿಳಿಯದೆಂದು ನಗುವದು ನ್ಯಾಯವಲ್ಲ. 2015ರಲ್ಲಿ ಮೊದಲನೆಯವನಾಗಿ ಆಯ್ಕೆಯಾದ ಕಾನರ್ ಮೆಕ್‌ಡೇವಿಡನು ಆ ನಂಬಿಕೆಗೆ ತಕ್ಕವನಾಗಿಯೇ ಬೆಳೆದನು.

ಆದರೆ ಅದೇ ಲೆಕ್ಕವನ್ನು ಇನ್ನೊಂದು ಬದಿಯಿಂದ ನೋಡಿರಿ. ಕಡೆಯ ನಾಲ್ಕು ಸುತ್ತುಗಳಲ್ಲಿ 128 ಹೆಸರುಗಳಿರುವವು. ಹತ್ತರಲ್ಲಿ ಒಂದೆಂದು ಹಿಡಿದರೂ ವರುಷಕ್ಕೆ ಹನ್ನೆರಡು ಮಂದಿಯಾಗುವರು. ಒಬ್ಬೊಬ್ಬನ ಸಂಭವವು ಸಣ್ಣದಾದಾಗ್ಯೂ ಒಟ್ಟಿನ ಫಲವು ಸಣ್ಣದಲ್ಲ. ಮೆಕ್‌ಡೇವಿಡನು ಮೊದಲನೆಯವನಾದ ಅದೇ 2015ರಲ್ಲಿ ಕಿರಿಲ್ ಕಪ್ರಿಜೋವನ ಸರದಿ ಬಂದದ್ದು 135ನೆಯದಾಗಿ. ಓಟದಲ್ಲಿ ನಿಧಾನಿಯೆಂದು ಹಿಂದೆ ಬಿಡಲ್ಪಟ್ಟ ಲ್ಯೂಕ್ ರೋಬಿಟಾಯ್ 1984ರ ಒಂಬತ್ತನೆಯ ಸುತ್ತಿನಲ್ಲಿ 171ನೆಯವನು. ಆತನು ಮುಂದೆ 668 ಗೋಲುಗಳನ್ನು ಹೊಡೆದನು. ರಷ್ಯದ ಪಾವೆಲ್ ದತ್ಸ್ಯುಕ್ 1998ರಲ್ಲಿ 171ನೆಯವನು. ಸ್ವೀಡನ್ನಿನ ಹೆನ್ರಿಕ್ ಸೆಟ್ಟರ್‌ಬರಿ 1999ರಲ್ಲಿ 210ನೆಯವನು. ಇವರಿಬ್ಬರೂ ಡೆಟ್ರಾಯಿಟ್ ತಂಡಕ್ಕೆ ಸೇರಿ, 2008ರಲ್ಲಿ ಅದು ಸ್ಟ್ಯಾನ್ಲಿ ಪಾತ್ರೆಯನ್ನು ಗೆಲ್ಲುವದಕ್ಕೆ ಕಾರಣರಾದರು. 1999ರಲ್ಲಿ ಎಲ್ಲರಿಗಿಂತ ಮೊದಲು ಕರೆಯಲ್ಪಟ್ಟ ಪ್ಯಾಟ್ರಿಕ್ ಸ್ಟೆಫಾನನು 455 ಪಂದ್ಯಗಳಲ್ಲಿ 64 ಗೋಲುಗಳನ್ನು ಹೊಡೆದರೆ, 210ನೆಯವನಾದ ಸೆಟ್ಟರ್‌ಬರಿಯು 1082 ಪಂದ್ಯಗಳಲ್ಲಿ 337 ಗೋಲುಗಳನ್ನು ಹೊಡೆದನು. ಒಂದು ಮಾತು ಮರೆಯತಕ್ಕದ್ದಲ್ಲ: ಡೆಟ್ರಾಯಿಟ್ ತಂಡದವರೂ ಆ ದಿನ ಆತನಿಗಿಂತ ಮೊದಲು ಬೇರೆಯವರನ್ನು ಹೆಸರಿಸಿದ್ದರು. ಕಂಡುಹಿಡಿದವರಿಗೂ ಪೂರ್ತಿ ಕಂಡಿರಲಿಲ್ಲ.

ಹೀಗಾಗಲು ಕಾರಣಗಳೇನು? ಒಂದನೆಯದು, ಹುಡುಕುವವರು ಹೋಗದ ಸ್ಥಳ. ದತ್ಸ್ಯುಕನೂ ಸೆಟ್ಟರ್‌ಬರಿಯೂ ದೊರಕಿದ್ದು ಡೆಟ್ರಾಯಿಟ್ ತಂಡದ ಪರವಾಗಿ ಯೂರೋಪಿನಲ್ಲಿ ಸಂಚರಿಸುತ್ತಿದ್ದ ಹೋಕನ್ ಆಂಡರ್ಸನ್ ಎಂಬ ಪರಿಶೀಲಕನ ಶ್ರಮದಿಂದ. ಆತನು ದೇಹದ ಗಾತ್ರವನ್ನಲ್ಲ, ಆಟದ ಚಾತುರ್ಯವನ್ನು ನೋಡಿದನು.

ಎರಡನೆಯದು, ಕಾಲ. ಹದಿನೆಂಟನೆಯ ವಯಸ್ಸಿನಲ್ಲಿ ಮನುಷ್ಯನ ಬೆಳವಣಿಗೆ ಮುಗಿದಿರುವದಿಲ್ಲ. ಗೋಲುರಕ್ಷಕರು ಇನ್ನೂ ತಡವಾಗಿ ಮಾಗುವರು. ಚೆಕ್ ದೇಶದ ಡೊಮಿನಿಕ್ ಹಾಶೆಕ್ 1983ರಲ್ಲಿ ಹತ್ತನೆಯ ಸುತ್ತಿನ 199ನೆಯವನು. ಶ್ರೇಷ್ಠ ಗೋಲುರಕ್ಷಕನಿಗೆ ಸಲ್ಲುವ ವೆಜಿನಾ ಬಹುಮಾನವು ಆತನಿಗೆ ಮೊದಲು ದೊರಕಿದ್ದು 1994ರಲ್ಲಿ, ಅಂದರೆ ಹನ್ನೊಂದು ವರುಷಗಳ ತರುವಾಯ. ಮುಂದೆ ಇನ್ನೂ ಐದು ಸಾರಿ ಅದು ಆತನ ಪಾಲಾಯಿತು. 1998ರ ನಗಾನೋ ಒಲಿಂಪಿಕ್ಸಿನಲ್ಲಿ ತನ್ನ ದೇಶಕ್ಕೆ ಚಿನ್ನದ ಪದಕವನ್ನೂ ಗಳಿಸಿಕೊಟ್ಟನು.

ಮೂರನೆಯ ಕಾರಣವು ವಿಚಿತ್ರವಾದರೂ ನಮಗೆ ಅತಿ ಸಮೀಪವಾದದ್ದು. ಅದು ಹುಟ್ಟಿದ ತಿಂಗಳು. ಕೆನಡಾದಲ್ಲಿ ಬಾಲಕರ ತಂಡಗಳನ್ನು ಜನವರಿಯಿಂದ ಡಿಸೆಂಬರಿನ ವರೆಗಿನ ವಯಸ್ಸಿನ ಮೇಲೆ ವಿಭಾಗಿಸುವರು. ಹೀಗಿರಲಾಗಿ ಜನವರಿಯಲ್ಲಿ ಹುಟ್ಟಿದವನು ಡಿಸೆಂಬರಿನವನಿಗಿಂತ ಸುಮಾರು ಒಂದು ವರುಷ ದೊಡ್ಡವನಾಗಿದ್ದು, ಹೆಚ್ಚು ಜಾಣನಂತೆ ಕಾಣುವನು. ರಾಬರ್ಟ್ ಡೀನರ್ ಮತ್ತು ಆತನ ಸಂಗಡಿಗರು 2013ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, 1980ರಿಂದ 2006ರ ವರೆಗೆ ಆಯ್ಕೆಯಾದ ಕೆನಡಾದವರನ್ನು ಲೆಕ್ಕ ಹಾಕಿದರು. ವರುಷದ ಮೊದಲ ಮೂರು ತಿಂಗಳುಗಳಲ್ಲಿ ಹುಟ್ಟಿದವರು ನೂರಕ್ಕೆ ಸುಮಾರು 36 ಮಂದಿ; ಕಡೆಯ ಮೂರು ತಿಂಗಳುಗಳವರು ನೂರಕ್ಕೆ 15ಕ್ಕಿಂತಲೂ ಕಡಿಮೆ. ಆದರೆ ವರುಷದ ಉತ್ತರಾರ್ಧದಲ್ಲಿ ಹುಟ್ಟಿಯೂ ಹೇಗೋ ಆಯ್ಕೆಯಾದವರು ದೀರ್ಘಕಾಲ ಆಡುವ ಸಂಭವವು ಮೊದಲ ಮೂರು ತಿಂಗಳುಗಳವರಿಗಿಂತ ಸರಿಸುಮಾರು ಇಮ್ಮಡಿಯಾಗಿತ್ತು. ಸಣ್ಣವರೆಂದು ಹಿಂದೆ ತಳ್ಳಲ್ಪಟ್ಟವರಲ್ಲಿ ನಿಜವಾದ ಸತ್ವವು ಅಡಗಿತ್ತು.

ಹೆಣ್ಣುಮಕ್ಕಳ ಆಟದಲ್ಲಿಯೂ ಇದಕ್ಕೆ ಉದಾಹರಣೆಯುಂಟು. ಉತ್ತರ ಅಮೇರಿಕಾದಲ್ಲಿ ಸ್ತ್ರೀಯರ ವೃತ್ತಿಪರ ಹಾಕಿ ಲೀಗು ಸ್ಥಾಪಿತವಾದಾಗ, 2023ರ ಸೆಪ್ಟೆಂಬರಿನಲ್ಲಿ ಆರು ತಂಡಗಳು ಹದಿನೈದು ಸುತ್ತುಗಳಲ್ಲಿ 90 ಮಂದಿಯನ್ನು ಆಯ್ದುಕೊಂಡವು. ಅದಕ್ಕೂ ಮೊದಲೇ ಪ್ರತಿಯೊಂದು ತಂಡವು ಮೂವರೊಡನೆ ಒಪ್ಪಂದ ಮಾಡಿಕೊಂಡಿತ್ತು. ಆಗ ನಟಾಲಿ ಸ್ಪೂನರ್ ಎಂಬಾಕೆಯು ಒಂದು ವರುಷ ತುಂಬದ ಕೂಸಿನ ತಾಯಿ. ಟೊರಾಂಟೊ ತಂಡವು ಆಕೆಯನ್ನು ನಾಲ್ಕನೆಯ ಸುತ್ತಿನಲ್ಲಿ 23ನೆಯವಳಾಗಿ ಕರೆಯಿತು. ಆ ಮೊದಲನೆಯ ಪಂದ್ಯಮಾಲೆಯಲ್ಲಿಯೇ ಆಕೆಯು 24 ಪಂದ್ಯಗಳಲ್ಲಿ 20 ಗೋಲುಗಳನ್ನು ಹೊಡೆದು, ಎಲ್ಲರನ್ನೂ ಮೀರಿಸಿ, ಅತ್ಯುತ್ತಮ ಆಟಗಾರ್ತಿಯೆಂಬ ಗೌರವವನ್ನು ಪಡೆದಳು.

ಇನ್ನು ನಮ್ಮ ವಿಷಯಕ್ಕೆ ಬರೋಣ. ಎಂಟನೆಯ ತರಗತಿಗೆ ಬಂದೊಡನೆ ಹುಡುಗಿಯರನ್ನು ಅಂಕಗಳ ಮೇರೆಗೆ ವಿಭಾಗಿಸಿ, ಮುಂದಿನವರಿಗೆ ಅನುಭವಿಗಳಾದ ಉಪಾಧ್ಯಾಯಿನಿಯರನ್ನು ಕೊಟ್ಟು, ಎಸ್.ಎಸ್.ಎಲ್.ಸಿ. ಫಲಿತಾಂಶವನ್ನು ಹೆಚ್ಚಿಸಬೇಕೆಂಬ ಮಾತು ಈಗ ಅನೇಕ ಶಾಲೆಗಳಲ್ಲಿ ಕೇಳಿಬರುತ್ತದೆ. ತಂದೆತಾಯಿಗಳಲ್ಲಿಯೂ ಹಲವರು ಇದನ್ನು ಅಪೇಕ್ಷಿಸುವರು. ನಾನು ಇದನ್ನು ಒಪ್ಪಲಾರೆನು. ಹದಿನೆಂಟು ವರುಷದವರನ್ನು ಅಳೆಯುವದೇ ಕೆಲಸವಾಗಿ, ಅದಕ್ಕಾಗಿ ದೇಶದೇಶಗಳನ್ನು ಸುತ್ತುವ ಪರಿಣತರೇ ಇಷ್ಟು ತಪ್ಪುವಾಗ, ಹದಿಮೂರು ವರುಷದ ಹುಡುಗಿಯನ್ನು ಒಂದು ಪರೀಕ್ಷೆಯಿಂದ ನಾವು ಹೇಗೆ ಅಳೆದೇವು? ನಮ್ಮ ರಾಜ್ಯದಲ್ಲಿಯೂ ಶಾಲೆಗೆ ಸೇರಿಸುವ ವಯಸ್ಸನ್ನು ಜೂನ್ ಒಂದನೆಯ ತಾರೀಖಿಗೆ ಲೆಕ್ಕ ಹಾಕುವರು. ಜೂನ್ ತಿಂಗಳಲ್ಲಿ ಹುಟ್ಟಿದವಳೂ ಮುಂದಿನ ಮೇ ತಿಂಗಳಲ್ಲಿ ಹುಟ್ಟಿದವಳೂ ಒಂದೇ ಬೆಂಚಿನ ಮೇಲೆ ಕೂಡ್ರುವರು. ಹನ್ನೊಂದು ತಿಂಗಳುಗಳ ಅಂತರವನ್ನು ನಾವು ಬುದ್ಧಿಯ ಅಂತರವೆಂದು ಎಷ್ಟು ಸಾರಿ ಎಣಿಸಿರುವೆವೋ!

ಹಾಶೆಕನ ಕಥೆಯನ್ನು ಹೇಳಿ ಹಿಂದುಳಿದವಳ ತಲೆ ಸವರಿದರೆ ನಮ್ಮ ಕರ್ತವ್ಯ ತೀರುವದಿಲ್ಲ. ಹತ್ತರಲ್ಲಿ ಒಂಬತ್ತು ಮಂದಿ ಹಾಶೆಕರಾಗಲಿಲ್ಲವೆಂಬದೂ ಸತ್ಯ. ಮತ್ತು ಹಾಕಿಯ ತಂಡಕ್ಕೂ ಶಾಲೆಗೂ ದೊಡ್ಡ ಭೇದವುಂಟು. ತಂಡಕ್ಕೆ ಬೇಕಾದದ್ದು ಗೆಲುವು. ಆ ಒಂಬತ್ತು ಮಂದಿಯನ್ನು ಅದು ಮರೆತರೆ ತಪ್ಪಿಲ್ಲ. ಶಾಲೆಗೆ ಒಪ್ಪಿಸಲ್ಪಟ್ಟವರಾದರೋ ಹತ್ತು ಮಂದಿಯೂ. ಯಾವಳಲ್ಲಿ ಏನಿದೆಯೆಂದು ನಮಗೆ ತಿಳಿಯದಿರುವದರಿಂದಲೇ ಒಳ್ಳೆಯ ಪಾಠವು ಎಲ್ಲರಿಗೂ ಸಲ್ಲಬೇಕು. ಅದರಿಂದ ಹತ್ತನೆಯವಳು ಬೆಳಕಿಗೆ ಬರುವಳು, ಒಂಬತ್ತು ಮಂದಿಗೂ ನಷ್ಟವಾಗದು.

ಇಷಯನ ಮನೆಯಲ್ಲಿ ಏಳು ಮಂದಿ ಕುಮಾರರು ಸಮುವೇಲನ ಮುಂದೆ ಹಾದುಹೋದರು. ಎಂಟನೆಯವನನ್ನು ಕರೆಯಬೇಕೆಂದು ಸ್ವಂತ ತಂದೆಗೇ ತೋಚಲಿಲ್ಲ. ಅವನು ಕುರಿ ಕಾಯುತ್ತಿದ್ದನು. ಫಲಕೊಡದ ಅಂಜೂರದ ಮರವನ್ನು ಕಡಿಯಬೇಕೆಂದು ಯಜಮಾನನು ಹೇಳಿದಾಗ, ತೋಟದವನು ಇನ್ನೂ ಒಂದು ವರುಷವನ್ನು ಬೇಡಿಕೊಂಡನು. ಬರಿದೆ ಬೇಡಲಿಲ್ಲ, ಸುತ್ತಲೂ ಅಗೆದು ಗೊಬ್ಬರ ಹಾಕುವೆನೆಂದು ಮಾತು ಕೊಟ್ಟನು. ತಂದೆತಾಯಿಗಳೇ, ನಿಮ್ಮ ಮಗಳು ಮುಂದಿನ ಸಾಲಿನವಳಾಗಿದ್ದರೂ ಹಿಂದಿನ ಸಾಲಿನವಳ ಪರವಾಗಿ ಆ ತೋಟದವನಂತೆ ಮಾತಾಡಿರಿ. ಹಳೆಯ ವಿದ್ಯಾರ್ಥಿನಿಯರೇ, ನಿಮ್ಮ ಕೈಲಾದ ಸಹಾಯವನ್ನು ಬಹುಮಾನಗಳಿಗೆ ಮಾತ್ರ ಮೀಸಲಿಡದೆ, ಸಂಜೆಯ ಪಾಠಕ್ಕೂ ಕಡೆಯ ಬೆಂಚಿಗೂ ಕೊಡಿರಿ. ಅಗೆಯುವದೂ ಗೊಬ್ಬರ ಹಾಕುವದೂ ನಮ್ಮ ಕೆಲಸ. ಫಲದ ಕಾಲವನ್ನು ನಿಶ್ಚಯಿಸುವದು ನಮ್ಮದಲ್ಲ.