ರಿಯೋಹಾ ವೈನ್ ಕಲಿಸುವ ವಾಣಿಜ್ಯ ಪಾಠ

ಸರಕಿನ ಬೆಲೆಯನ್ನು ಅದರ ಉತ್ಪಾದನಾ ವೆಚ್ಚವೊಂದೇ ನಿರ್ಧರಿಸುವುದಿಲ್ಲ. ಸರಕು ಹೊತ್ತಿರುವ ಹೆಸರಿನ ಮೇಲೆ ಗ್ರಾಹಕನಿಗಿರುವ ವಿಶ್ವಾಸವೂ ನಿರ್ಧರಿಸುತ್ತದೆ. ಆ ಹೆಸರು ಒಂದು ಊರಿಗೆ, ಒಂದು ಸೀಮೆಗೆ ಸೇರಿದ್ದಾದರೆ ಅದನ್ನು ಕಾಯುವ ಹೊಣೆ ಯಾರದು? ಉತ್ತರ ಸ್ಪೇನಿನ ರಿಯೋಹಾ ಸೀಮೆಯ ಕೆಂಪು ವೈನ್ ಉದ್ದಿಮೆ ಈ ಪ್ರಶ್ನೆಗೆ ಉತ್ತರ ನೀಡುತ್ತದೆ. ವೈನ್ ಮುಟ್ಟದ ವರ್ತಕರಿಗೂ ಅದರ ಲೆಕ್ಕಾಚಾರ ಉಪಯುಕ್ತ.

ಎಬ್ರೊ ನದಿಯ ಕಣಿವೆಯಲ್ಲಿ ಬೆಳೆಯುವ ಟೆಂಪ್ರಾನಿಯೊ ದ್ರಾಕ್ಷಿ ಈ ವೈನಿನ ಮುಖ್ಯ ಕಚ್ಚಾವಸ್ತು. ಬೇಗ ಮಾಗುವುದರಿಂದಲೇ ಅದಕ್ಕೆ ಆ ಹೆಸರು. ಅಲ್ಲಿನ ಊಟವೂ ವೈನಿಗೆ ಹೊಂದಿಕೊಂಡೇ ಬೆಳೆದಿದೆ. ದ್ರಾಕ್ಷಿ ಬಳ್ಳಿಯ ಒಣಕಡ್ಡಿಗಳ ಕೆಂಡದ ಮೇಲೆ ಸುಟ್ಟ ಕುರಿಮರಿಯ ಪಕ್ಕೆಲುಬು, ಚೊರಿಸೊ ಎಂಬ ಹಂದಿಮಾಂಸದ ಸಾಸೇಜು ಹಾಕಿ ಬೇಯಿಸಿದ ಆಲೂಗಡ್ಡೆ, ಮಾಗಿದ ಕುರಿಹಾಲಿನ ಚೀಸ್ ಇವು ಅದರ ಸಹಚರರು. ಇದಕ್ಕೆ ಕಾರಣವೂ ಉಂಟು. ಕೆಂಪು ವೈನಿನಲ್ಲಿರುವ ಟ್ಯಾನಿನ್ ನಾಲಿಗೆಗೆ ಒಗರು. ಮಾಂಸ ಹಾಗೂ ಚೀಸಿನ ಪ್ರೋಟೀನು, ಕೊಬ್ಬುಗಳು ಆ ಒಗರನ್ನು ತಗ್ಗಿಸುತ್ತವೆ. ಹೀಗೆ ಊಟ ವೈನನ್ನೂ ವೈನ್ ಊಟವನ್ನೂ ಮಾರಾಟ ಮಾಡಿಸುತ್ತವೆ. ಒಂದು ಬಾಟಲಿಯ ಹಿಂದೆ ಕುರಿ ಸಾಕುವವನು, ಚೀಸ್ ತಯಾರಕ, ಭೋಜನಗೃಹದ ಮಾಲೀಕ ಇವರೆಲ್ಲರ ಆದಾಯ ಅಡಗಿದೆ.

ಇನ್ನು ಬಂಡವಾಳದ ವಿಚಾರ. 'ಕ್ರಿಯಾನ್ಸಾ' ಎಂದು ಮಾರಬೇಕಾದ ಕೆಂಪು ವೈನನ್ನು ಕನಿಷ್ಠ 2 ವರ್ಷ, 'ರೆಸೆರ್ವಾ' ಎನ್ನಲು 3 ವರ್ಷ, 'ಗ್ರಾನ್ ರೆಸೆರ್ವಾ' ಎನ್ನಲು 5 ವರ್ಷ ಮಾಗಿಸಬೇಕೆಂಬುದು ನಿಯಮ. ಈ ಅವಧಿಯ ಒಂದು ಭಾಗ 225 ಲೀಟರಿನ ಓಕ್ ಮರದ ಪೀಪಾಯಿಗಳಲ್ಲಿ ಕಳೆಯಬೇಕು. ಒಂದು ಪೀಪಾಯಿಯೆಂದರೆ 750 ಮಿಲಿಲೀಟರಿನ 300 ಬಾಟಲಿ. ವರ್ಷಕ್ಕೊಂದು ಪೀಪಾಯಿ ಗ್ರಾನ್ ರೆಸೆರ್ವಾ ಮಾರುವವನ ಉಗ್ರಾಣದಲ್ಲಿ ಐದು ಪೀಪಾಯಿಯಷ್ಟು ದಾಸ್ತಾನು ಸದಾ ಇರಲೇಬೇಕು. ಶೇಕಡಾ 10ರ ಚಕ್ರಬಡ್ಡಿ ಹಿಡಿದರೂ ಇಂದು ತೊಡಗಿಸಿದ 100 ರೂಪಾಯಿ ಐದು ವರ್ಷಗಳಲ್ಲಿ 161 ರೂಪಾಯಿಯಾಗುತ್ತದೆ. ಈ ಹೊರೆಯನ್ನು ಗ್ರಾಹಕ ಸಂತೋಷದಿಂದ ತೆರುವುದು ಬಾಟಲಿಯ ಮೇಲಿನ ಮಾತು ಸತ್ಯವೆಂಬ ಭರವಸೆಯಿಂದ ಮಾತ್ರ.

ಆ ಭರವಸೆಯನ್ನು ಕಾಯಲು ಅಲ್ಲೊಂದು ನಿಯಂತ್ರಣ ಮಂಡಳಿ ಇದೆ. 1926ರಲ್ಲಿ ಸ್ಥಾಪನೆಯಾದ ಈ ಮಂಡಳಿಯಲ್ಲಿ ಇಂದು ಬೆಳೆಗಾರರೂ ತಯಾರಕರೂ ಕೂಡಿ ಕುಳಿತು ನಿರ್ಣಯ ಕೈಗೊಳ್ಳುತ್ತಾರೆ. ಬಾಟಲಿಯ ಹಿಂಬದಿಗೆ ಅಂಟಿಸುವ ಕ್ರಮಸಂಖ್ಯೆಯುಳ್ಳ ಮುದ್ರೆಯನ್ನು ಮಂಡಳಿಯೇ ನೀಡುತ್ತದೆ. 1991ರಲ್ಲಿ ಸ್ಪೇನಿನ ಅತ್ಯುನ್ನತ ದರ್ಜೆಯ ಮಾನ್ಯತೆ ಮೊದಲು ದೊರೆತದ್ದು ರಿಯೋಹಾಕ್ಕೇ.

ಈ ವ್ಯವಸ್ಥೆ ದೋಷರಹಿತವೇನಲ್ಲ. ಅಗ್ಗದ ವೈನೂ ಉತ್ಕೃಷ್ಟ ವೈನೂ ಒಂದೇ ಹೆಸರಿನಡಿ ಮಾರಾಟವಾಗುತ್ತವೆ ಎಂಬ ಅಸಮಾಧಾನ ಹಲವರಲ್ಲಿತ್ತು. ಅರ್ತಾದಿ ಎಂಬ ಪ್ರಸಿದ್ಧ ಸಂಸ್ಥೆ 2015ರ ಕೊನೆಯಲ್ಲಿ ಈ ವ್ಯವಸ್ಥೆಯಿಂದಲೇ ಹೊರನಡೆಯಿತು. 2017ರಲ್ಲಿ ಮಂಡಳಿಯು ಒಂದೇ ತೋಟದ ವೈನಿಗೆ ಪ್ರತ್ಯೇಕ ವರ್ಗವನ್ನು ಅಂಗೀಕರಿಸಿತು. ಸಾಮೂಹಿಕ ಹೆಸರು ಉಳಿಯಬೇಕಾದರೆ ಅದರೊಳಗೆ ಉತ್ತಮನಿಗೆ ತಕ್ಕ ಮನ್ನಣೆ ಇರಲೇಬೇಕೆಂಬುದು ಇದರಿಂದ ಸ್ಪಷ್ಟ.

ನಮ್ಮಲ್ಲಿಯೂ ಭೌಗೋಳಿಕ ಸೂಚಕಗಳ ಕಾಯಿದೆ 2003ರಲ್ಲಿ ಜಾರಿಗೆ ಬಂದಿದೆ. ಮೈಸೂರು ರೇಷ್ಮೆ, ಬ್ಯಾಡಗಿ ಮೆಣಸಿನಕಾಯಿ ಮುಂತಾದವುಗಳಿಗೆ ನೋಂದಣಿಯೂ ಆಗಿದೆ. ಆದರೆ ನೋಂದಣಿ ಪತ್ರ ಕಪಾಟಿನಲ್ಲಿದ್ದರೆ ಸಾಲದು. ಅಧಿಕೃತ ಬಳಕೆದಾರರಾಗಿ ಹೆಸರು ದಾಖಲಿಸುವುದು, ಸರಕಿನ ಪರೀಕ್ಷೆ, ಸಾಮಾನ್ಯ ಮುದ್ರೆ, ಕಲಬೆರಕೆ ಮಾಡಿದವನ ಮೇಲೆ ಕ್ರಮ, ಇವುಗಳಿಗೆ ತಗಲುವ ಹಣವನ್ನು ವರ್ತಕರೇ ಕೂಡಿಸಬೇಕು. ಅದನ್ನು ಖರ್ಚೆಂದು ಭಾವಿಸದೆ ಹೂಡಿಕೆಯೆಂದು ಪರಿಗಣಿಸುವುದು ವಿವೇಕ. ಹೆಸರು ಎಲ್ಲರದೂ ಆಗಿರುವಾಗ ಅದನ್ನು ಕಾಯುವ ಕೆಲಸ ಯಾರದೂ ಅಲ್ಲವೆಂದಾದರೆ, ನಷ್ಟ ಮಾತ್ರ ಎಲ್ಲರಿಗೂ ಹಂಚಿಕೆಯಾಗುತ್ತದೆ.